ನಲವತ್ತೊಂದು ಮನೆ, ಒಂದೇ ಬಾಗಿಲು

"ಭಯ ಅನ್ನೋದು ಒಂದು ಆಯ್ಕೆ, ಸಾರ್!"

ಹಾಗೆಂದವನು ನನ್ನ ಬೆಲ್ಟು ಹಿಡಿದಿದ್ದ.

ಬೆಲ್ಟಿನ ಒಳಗೆ ನಾನಿದ್ದೆ. ನನ್ನ ಕೆಳಗೆ ಆರು ಮಹಡಿಯಷ್ಟು ಬರೀ ಗಾಳಿ. ಅದರ ಕೆಳಗೆ, ಮಧ್ಯಾಹ್ನದ ಬಿಸಿಲಲ್ಲಿ, ಒಂದು ಬಿಳಿ ವ್ಯಾನಿನ ನೆತ್ತಿ ಹೊಳೆಯುತ್ತಿತ್ತು.

"ಆಯ್ಕೆ ನಂದಾದ್ರೆ ಇಳಿಸು... ಅಲ್ಲಲ್ಲ! ಎತ್ತು! ಮೇಲಕ್ಕೆ ಎತ್ತಪ್ಪಾ!"

"ಬೀಳೋಕೆ ಹೆದರೋನು ಹಾರೋದನ್ನ ಕಲಿಯಲ್ಲ. ನಮ್ಮ ಕೋಚ್ ಸಾರ್ ಪುಸ್ತಕದಲ್ಲಿದೆ. ಮೂರನೇ ಅಧ್ಯಾಯ."

"ನಾಲ್ಕನೇದು ಕಣೋ," ಪಕ್ಕದಲ್ಲಿ ನಿಂತವನು ತಿದ್ದಿದ.

ಇಬ್ಬರಿದ್ದರು. ಬೆಲ್ಟು ಹಿಡಿದವನ ಅಡ್ಡಹೆಸರು ಗುಡ್ಡ. ನೋಡಿದರೆ ಯಾಕೆಂದು ಕೇಳಬೇಕಾಗಿರಲಿಲ್ಲ. ತಿದ್ದಿದವನು ಕಡ್ಡಿ. ಇಬ್ಬರ ಎದೆಯ ಮೇಲೂ ಕಿತ್ತಳೆ ಬಣ್ಣದ ಬ್ಯಾಡ್ಜು... 'ನಾನು ಬೆಳಗುತ್ತೇನೆ'.

ಈ ಕಸುಬಿನಲ್ಲಿ ನನಗೆ ಇಪ್ಪತ್ತಾರು ವರ್ಷ. ಚಾಕು ತೋರಿಸಿ ಹೆದರಿಸಿದವರಿದ್ದಾರೆ. ನಾಯಿ ಬಿಟ್ಟವರಿದ್ದಾರೆ. ಒಬ್ಬಳು ಕುದಿಯುವ ಎಣ್ಣೆಯ ಬಾಣಲೆ ಹಿಡಿದು ಬಂದಿದ್ದಳು. ಸುಭಾಷಿತ ಹೇಳಿ ಕೊಲ್ಲಲು ಬಂದವರು ಇವರೇ ಮೊದಲು!

"ಆ ಹೆಂಗಸಿನ ವಿಳಾಸ ಹೇಳಿ ಸಾರ್. ಸತ್ಯ ನಿಮ್ಮನ್ನ ಹಗುರ ಮಾಡುತ್ತೆ."

"ಹಗುರ ಆಗೋಕೆ ಇದು ಸಮಯ ಅಲ್ಲ ಕಣಯ್ಯಾ!"

ನಾನು ಅಲ್ಲಿಗೆ ಹೇಗೆ ಬಂದೆ ಎಂಬುದನ್ನು ಮೊದಲು ಕೇಳಿಬಿಡಿ. ಅಲ್ಲಿಯವರೆಗೆ ನನ್ನನ್ನು ಹಾಗೇ ತೂಗಾಡಲು ಬಿಡಿ. ನಾನೆಲ್ಲೂ ಹೋಗುವುದಿಲ್ಲ.

ಎಂಟು ದಿನದ ಹಿಂದೆ ಕೋಚ್ ನನ್ನ ಆಫೀಸಿಗೆ ಬಂದ. ಕಾಣೆಯಾದವರನ್ನು ಹುಡುಕಿಕೊಡುವುದು ನನ್ನ ಕೆಲಸ. ಬದುಕುವುದು ಹೇಗೆಂದು ಕಲಿಸುವುದು ಅವನ ಕೆಲಸ. ಬಿಳಿ ಅಂಗಿ, ಬಿಳಿ ಶೂ, ಬಿಳಿ ಹಲ್ಲು. ಆರು ಪುಸ್ತಕ ಬರೆದವನು. ಸೋಶಿಯಲ್ ನೆಟ್‌ವರ್ಕಿನಲ್ಲಿ ಎರಡು ಲಕ್ಷ ಹಿಂಬಾಲಕರು. ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದ. ಬಿಡಲೇ ಇಲ್ಲ.

"ಗೆಳೆಯಾ... ನನ್ನ ಆಫೀಸಿನ ಸೆಕ್ರೆಟರಿ ಕಾಣೆಯಾಗಿದ್ದಾಳೆ. ನನಗೆ ತಂಗಿ ಇದ್ದ ಹಾಗೆ."

ಕಣ್ಣೀರು ಬಂತು. ಒಂದೇ ಕಣ್ಣಿನಲ್ಲಿ. ನನ್ನ ಕಡೆ ಇದ್ದ ಕಣ್ಣಿನಲ್ಲಿ.

"ಎಷ್ಟು ದಿನ ಆಯ್ತು?"

"ಎರಡು ತಿಂಗಳು."

"ಪೊಲೀಸರಿಗೆ ಹೇಳಿದ್ರಾ?"

"ಅವಳ ಮರ್ಯಾದೆ ಪ್ರಶ್ನೆ ಅಲ್ವಾ, ಗೆಳೆಯಾ?"

ಅಲ್ಲಿಗೇ ನಾನು ಎದ್ದು ನಿಂತು ಬಾಗಿಲು ತೋರಿಸಬೇಕಿತ್ತು. ತೋರಿಸಲಿಲ್ಲ. ಅವಳ ಫೋಟೋ ಕೊಟ್ಟ. ಅವಳು ಬರೆದಿಟ್ಟಿದ್ದ ಆಫೀಸ್ ಟಿಪ್ಪಣಿಗಳ ಒಂದು ಕಟ್ಟು ಕೊಟ್ಟ. ನಾನು ಎರಡನ್ನೂ ಬಗಲಲ್ಲಿಟ್ಟುಕೊಂಡು ನನ್ನ ನಾದಿನಿಯ ರೂಮಿಗೆ ಹೋದೆ.

ನಾದಿನಿ ಎಂದರೆ ನನ್ನ ಹೆಂಡತಿಯ ತಂಗಿ. ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ರೂಮಿನಲ್ಲಿ ಕೂತು ಸಾಫ್ಟ್‌ವೇರ್ ಬರೆಯುತ್ತಾಳೆ. ಇಡೀ ದಿನ ಕೆಳಗಿನಿಂದ ಇಸ್ತ್ರಿಯ ಹಬೆ ಬರುತ್ತಿರುತ್ತದೆ. ಅಕ್ಕನ ಬಾಯಿ ಚುರುಕು ಎಂದು ನಾನು ಮದುವೆಯಾದ ಮೇಲೆ ಕಂಡುಕೊಂಡೆ. ತಂಗಿಯದು ಅದಕ್ಕಿಂತ ಚುರುಕು ಎಂದು ಮದುವೆಯ ದಿನವೇ ಗೊತ್ತಾಗಿತ್ತು.

"ಭಾವಾ, ವೈರ್ ತುಳೀಬೇಡಿ! ನಾಲ್ಕು ತಿಂಗಳ ಕೆಲಸ ಇದೆ ಅದರಲ್ಲಿ."

"ಏನು ಕೆಲಸ?"

"ಒಂದು ದೊಡ್ಡ ಕಟ್ಟಡ ಅಂದುಕೊಳ್ಳಿ. ಇಡೀ ಊರು ಅಲ್ಲೇ ಹರಟೆ ಹೊಡೀತಿದೆ. ಅದಕ್ಕೆ ಒಬ್ಬನೇ ಓನರು. ಅವನಿಗೆ ಸಿಟ್ಟು ಬಂದ್ರೆ ಎಲ್ಲರೂ ಬೀದಿಗೆ."

"ಮಾಮೂಲಿ ಸೋಶಿಯಲ್ ನೆಟ್‌ವರ್ಕ್."

"ಹ್ಞೂಂ. ಈಗ ಇನ್ನೊಂದು ಥರದ್ದಿದೆ, ಡಿಸೆಂಟ್ರಲೈಸ್ಡ್ ಅಂತ. ಅಲ್ಲಿ ಸಾವಿರಾರು ಚಿಕ್ಕ ಮನೆಗಳು. ಒಂದೊಂದು ಸರ್ವರ್ ಒಂದೊಂದು ಮನೆ. ಪ್ರತಿ ಮನೆಗೂ ಬೇರೆ ಯಜಮಾನ, ಬೇರೆ ರೂಲ್ಸು. ಆದ್ರೆ ಈ ಮನೆಯವರು ಆ ಮನೆಯವರ ಜೊತೆ ಮಾತಾಡಬಹುದು. ಎಲ್ಲರ ಮೇಲೆ ಒಬ್ಬ ಧಣಿ ಅಂತ ಇಲ್ಲ."

"ಅಂದ್ರೆ ಒಬ್ಬ ಸರ್ವಾಧಿಕಾರಿ ಬದಲು ಸಾವಿರ ಜನ ಅಪಾರ್ಟ್‌ಮೆಂಟ್ ಸೆಕ್ರೆಟರಿಗಳು!"

"ಭಾವಾ, ನಿಮಗೆ ಪೂರ್ತಿ ಅರ್ಥ ಆಗಿದೆ."

ತೊಂದರೆ ಏನೆಂದರೆ ಯಾವ ಮನೆಯಲ್ಲಿ ಯಾರಿದ್ದಾರೆ, ಏನು ಮಾತಾಡುತ್ತಿದ್ದಾರೆ ಎಂದು ಒಂದೇ ಕಡೆ ನೋಡಲು ದಾರಿ ಇರಲಿಲ್ಲ. ಅದಕ್ಕೆ ಅವಳು ದಾರಿ ಮಾಡುತ್ತಿದ್ದಳು. ಹೆಸರು 'ಇಣುಕು'. ಯಾವ ಬ್ರೌಸರಿನಲ್ಲಿ ಬೇಕಾದರೂ ತೆರೆಯುತ್ತದೆ. ಇನ್‌ಸ್ಟಾಲ್ ಇಲ್ಲ, ಅಕೌಂಟ್ ಇಲ್ಲ. ಒಂದು ಮನೆಯ ಹೆಸರು ಹಾಕಿದರೆ ಅಲ್ಲಿಯವರು ಬಹಿರಂಗವಾಗಿ ಆಡಿದ ಮಾತೆಲ್ಲ ಕಾಣುತ್ತದೆ. ಯಾರಿಗೆ ಯಾರ ಜೊತೆ ಗೆಳೆತನ ಎಂದು ದಾರ ಎಳೆದ ಹಾಗೆ ಗೆರೆಗಳು ಕಾಣುತ್ತವೆ. ಒಂದು ಮಾತು ಟೈಪ್ ಮಾಡಿದರೆ ಸಾಕು, ಮನೆಯಿಂದ ಮನೆಗೆ ಹೋಗಿ ಆ ಮಾತು ಆಡಿದವರನ್ನು ತೋರಿಸುತ್ತದೆ.

ನನಗೆ ಮಿಕ್ಕಿದ್ದೆಲ್ಲ ಮಂಜು. ಒಂದು ಮಾತ್ರ ಸ್ಪಷ್ಟ. ಕುರ್ಚಿಯಿಂದ ಏಳದೆ ಮನುಷ್ಯರನ್ನು ಹುಡುಕಬಹುದು!

"ಇದರಲ್ಲಿ ಒಬ್ಬಳನ್ನ ಹುಡುಕಿಕೊಡು."

"ಇದು ಜಾಲ ನೋಡೋದಕ್ಕೆ, ಭಾವಾ. ಜನ ಹಿಡಿಯೋದಕ್ಕಲ್ಲ."

"ಪಾಪ, ಕಾಣೆಯಾಗಿದ್ದಾಳೆ ಕಣಮ್ಮ..."

ಆ 'ಪಾಪ' ಕೆಲಸ ಮಾಡಿತು. ಅವಳು ಟಿಪ್ಪಣಿಗಳ ಕಟ್ಟು ಬಿಚ್ಚಿದಳು. ಪುಟಪುಟದಲ್ಲೂ ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು... 'ಇರಲಿ ಬಿಡಿ, ಹಾಗಂತ ಸುಮ್ಮನಿರಬೇಡಿ.' ಅದನ್ನೇ ಟೈಪ್ ಮಾಡಿದಳು.

ಹನ್ನೊಂದು ನಿಮಿಷ ಹಿಡಿಯಿತು.

ಎಂಬತ್ತಮೂರು ಜನರ ಒಂದು ಪುಟ್ಟ ಮನೆ. ಎಲ್ಲರೂ ಹಳೇ ಹೊಲಿಗೆ ಮಿಷನ್ ರಿಪೇರಿಯ ಹುಚ್ಚಿನವರು. ಸೂಜಿ, ಬೆಲ್ಟು, ಎಣ್ಣೆ ಡಬ್ಬಿಗಳ ಫೋಟೋ. ಅವರ ನಡುವೆ 'ಎರಡನೇ ನೂಲು' ಎಂಬ ಹೆಸರಿನಲ್ಲಿ ಒಬ್ಬಳು ಬರೆದಿದ್ದಳು: 'ಬಾಬಿನ್ ಸಿಕ್ಕಿಹಾಕಿಕೊಂಡಿದೆ. ಇರಲಿ ಬಿಡಿ, ಹಾಗಂತ ಸುಮ್ಮನಿರಬೇಡಿ.' ಜೊತೆಗೊಂದು ಫೋಟೋ. ಫೋಟೋದೊಳಗಿನ ಗಾಜಿನಲ್ಲಿ ಎದುರಿನ ಬೇಕರಿಯ ಬೋರ್ಡು ಉಲ್ಟಾ ಕಾಣುತ್ತಿತ್ತು. ನಾನು ಓದಲು ಕನ್ನಡಿ ಹುಡುಕುತ್ತಾ ಬಾತ್‌ರೂಮಿಗೆ ಹೋದೆ. ವಾಪಸು ಬರುವಷ್ಟರಲ್ಲಿ ನಾದಿನಿ ಒಂದು ಬಟನ್ ಒತ್ತಿ ಚಿತ್ರವನ್ನು ತಿರುಗಿಸಿ ಇಟ್ಟಿದ್ದಳು.

ನಾನು ಆಗ ಮಾಡಿದ ಕೆಲಸವನ್ನು ಹೇಳಲು ನಾಚಿಕೆಯಾಗುತ್ತದೆ. ಕೋಚ್‌ಗೆ ಮೆಸೇಜ್ ಮಾಡಿದೆ: 'ಸಿಕ್ಕಿದ್ದಾರೆ. ಭೇಟಿಯಾಗಿ ವಿಳಾಸ ಕಳಿಸುತ್ತೇನೆ.' ಅಷ್ಟಕ್ಕೇ ನಿಲ್ಲಲಿಲ್ಲ! ಬಡಾಯಿ! 'ನೋಡಿ ಎಂಥಾ ಟೂಲು, ನನ್ನ ನಾದಿನಿ ಡ್ರೈಕ್ಲೀನಿಂಗ್ ಅಂಗಡಿ ಮೇಲೆ ಕೂತು ಮಾಡಿದ್ದು' ಎಂದು ಲಿಂಕನ್ನೂ ಕಳಿಸಿದೆ.

ಮಾರನೇ ದಿನ ಆ ಬೇಕರಿಯ ಎದುರಿಗೆ ಹೋಗಿ ನಿಂತೆ. ಹೊಲಿಗೆ ಮಿಷನ್ ರಿಪೇರಿ ಅಂಗಡಿ. ಗಲ್ಲಾ ಹಿಂದೆ ಬಿಳಿ ಕೂದಲಿನ ಒಬ್ಬ ಹೆಂಗಸು, ಕಿವಿಯ ಮೇಲೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು. ಒಳಗೆ ಫೋಟೋದವಳು. ನನ್ನನ್ನು ನೋಡಿದ್ದೇ ಕೈಯಲ್ಲಿದ್ದ ಕತ್ತರಿಯನ್ನು ಬಿಗಿಯಾಗಿ ಹಿಡಿದಳು.

"ದೊಡ್ಡಮ್ಮಾ..."

"ನೀನು ಕೂತ್ಕೋ," ಮುದುಕಿ ಹೇಳಿದಳು. ನನ್ನ ಕಡೆ ತಿರುಗಿದಳು. "ಯಾರು ಕಳಿಸಿದ್ದು? ಆ ಹಲ್ಲಿನವನಾ?"

"ಅವರು ತುಂಬಾ ಕಾಳಜಿಯಿಂದ..."

ಫೋಟೋದವಳು ನಕ್ಕಳು. ಒಳ್ಳೆಯ ನಗು ಅಲ್ಲ.

"ಆರು ಪುಸ್ತಕ ಬರೆದದ್ದು ನಾನು. ಭಾಷಣ ನಾನು. ಪೋಸ್ಟ್ ನಾನು. ಅವರ ಹುಟ್ಟಿದ ದಿನಕ್ಕೆ ಅವರಿಗೆ ಬರೋ ಶುಭಾಶಯಾನೂ ನಾನೇ. ಆರು ವರ್ಷ. ನನ್ನ ಫೋನು ಅವರ ಡ್ರಾಯರ್‌ನಲ್ಲಿ. ಬಾಗಿಲಲ್ಲಿ ಒಬ್ಬ ಕಾವಲು. ಮನೆಗೆ ಹೋಗ್ತೀನಿ ಅಂದ್ರೆ, ಅದು ನೆಗೆಟಿವ್ ಯೋಚನೆ, ಗೆಳತಿ, ಅನ್ನೋರು."

"ಮತ್ತೆ ಹೇಗೆ..."

"ಊಟ ಆದ್ಮೇಲೆ ತಟ್ಟೆ ತೊಳೀತೀನಿ ಅಂತ ಹಿಂದಿನ ಬಾಗಿಲಿಗೆ ಹೋದೆ. ಹಾಗೇ ನಡೆದೆ. ಬಸ್ ಹತ್ತಿ ಕೂತ ಮೇಲೆ ನೋಡ್ತೀನಿ, ತಟ್ಟೆ ಕೈಯಲ್ಲೇ ಇದೆ."

ಮುದುಕಿ ಮಾತಾಡಿದಳು.

"ಕಾಣೆಯಾದವರು ಬೇರೆ, ಹೊರಟು ಬಂದವರು ಬೇರೆ. ತಲೆ ನರೆತಿದೆ ನಿಮಗೆ. ಅಷ್ಟೂ ಗೊತ್ತಾಗ್ಲಿಲ್ವಾ?"

ಕಪಾಳಕ್ಕೆ ಹೊಡೆಸಿಕೊಂಡ ಅನುಭವ ನನಗೆ ಬೇಕಾದಷ್ಟಿದೆ. ಅವುಗಳ ಉರಿಯೆಲ್ಲ ಅರ್ಧ ಗಂಟೆಯಲ್ಲಿ ಇಳಿದಿದೆ. ಇದು ಇನ್ನೂ ಇಳಿದಿಲ್ಲ.

"ವಿಳಾಸ ಕೊಡಲ್ಲ," ಎಂದೆ. ಅಂಗಡಿಯ ಫೋನ್ ನಂಬರ್ ಬರೆದುಕೊಂಡು ಹೊರಟೆ.

ನಾದಿನಿಗೆ ಎಲ್ಲ ಹೇಳಿದೆ. ಐದು ನಿಮಿಷ ಬೈದಳು. ಮೊದಲ ಎರಡು ನಿಮಿಷ ಕೋಚ್‌ಗೆ, ಉಳಿದದ್ದು ನನಗೆ. ಕೋಚ್ ಬಳಗವೂ ಇದೇ ಮನೆಗಳ ಜಾಲದಲ್ಲಿತ್ತು. ಆಮೇಲೆ ಅದೇ ಟೂಲಿನಲ್ಲಿ ಕೋಚ್‌ನ ಹೆಸರನ್ನೇ ಹಾಕಿದಳು. ಪರದೆಯ ತುಂಬ ಎರಡು ಲಕ್ಷ ಚುಕ್ಕಿ. ಗೆರೆಗಳನ್ನು ಎಳೆದಳು.

"ಭಾವಾ... ಇಲ್ಲಿ ನೋಡಿ. ಎರಡು ಲಕ್ಷ ಜನ ಇರೋದು ನಲವತ್ತೊಂದು ಮನೇಲಿ. ನಲವತ್ತೊಂದು ಮನೆಗೂ ಯಜಮಾನ ಒಬ್ಬನೇ. ನೋಂದಾಯಿಸಿದ ವಿಳಾಸ ಒಂದೇ!"

"ಕೂಡು ಕುಟುಂಬ!"

"ಎರಡು ಲಕ್ಷ ಜನಾನೂ ಬೆಳಿಗ್ಗೆ ಒಂಬತ್ತು ಗಂಟೆ ಒಂದು ನಿಮಿಷಕ್ಕೆ ಏಳ್ತಾರೆ. ಒಂದೂವರೆಗೆ ಎಲ್ಲರೂ ಊಟಕ್ಕೆ ಹೋಗ್ತಾರೆ. ಒಟ್ಟಿಗೆ!"

"ನಿಜವಾದ ಜನ ಎಷ್ಟು?"

"ಬೇರೆ ಮನೆಗಳಲ್ಲಿ ಹತ್ತೊಂಬತ್ತು. ಅದರಲ್ಲಿ ಒಬ್ಬರು ಅವನ ಹಲ್ಲಿನ ಡಾಕ್ಟರು."

ಆ ಯಜಮಾನನ ವಿಳಾಸ ಬರೆದುಕೊಂಡೆ. ಆಫೀಸಿಗೆ ವಾಪಸು ಬಂದೆ. ಕೋಚ್‌ನನ್ನು ನಾಲ್ಕೈದು ದಿನ ಸತಾಯಿಸಿದೆ. ಕೊನೆಗೆ ಫೋನ್ ಮಾಡಿ, "ತಪ್ಪಾಯ್ತು, ಅವಳಲ್ಲ, ಬೇರೆ ಯಾರೋ," ಎಂದೆ.

"ಸುಳ್ಳು ನಿಮ್ಮ ಬೆಳಕನ್ನ ಮಂಕು ಮಾಡುತ್ತೆ, ಗೆಳೆಯಾ," ಎಂದ. ಫೋನಿಟ್ಟ.

ಇಪ್ಪತ್ತು ನಿಮಿಷದಲ್ಲಿ ಗುಡ್ಡ ಮತ್ತು ಕಡ್ಡಿ ಬಂದರು. ನನ್ನದೇ ಆಫೀಸಿನ ಕಟ್ಟಡ. ನನ್ನದೇ ಟೆರೇಸು. ನನ್ನದೇ ಬೆಲ್ಟು.

ಈಗ ಮತ್ತೆ ಅಲ್ಲಿಗೆ ಬನ್ನಿ.

"ವಿಳಾಸ!" ಗುಡ್ಡ ಒಮ್ಮೆ ಅಲ್ಲಾಡಿಸಿದ. ಜೇಬಿನಿಂದ ನನ್ನ ಪೆನ್ನು ಬಿತ್ತು. ಕೆಳಗೆ ವ್ಯಾನಿನ ಮೇಲೆ 'ಟಪ್' ಎಂದಿತು. ಆ ಸದ್ದು ಬರಲು ಎಷ್ಟು ಹೊತ್ತು ಹಿಡಿಯಿತು ಗೊತ್ತೇ?!

"ಹೇಳ್ತೀನಿ! ಹಳೇ ಪ್ರಿಂಟಿಂಗ್ ಪ್ರೆಸ್ ಹಿಂದಿನ ಗಲ್ಲಿ! ಮೂರನೇ ಕಟ್ಟಡ! ಫ್ಲ್ಯಾಟ್ ಹನ್ನೊಂದು!"

ಅದು ಅವಳ ವಿಳಾಸವಲ್ಲ. ನಲವತ್ತೊಂದು ಮನೆಯ ಯಜಮಾನನ ವಿಳಾಸ.

ನನ್ನನ್ನೂ ವ್ಯಾನಿನಲ್ಲಿ ಹಾಕಿಕೊಂಡೇ ಹೋದರು. ಫ್ಲ್ಯಾಟ್ ಹನ್ನೊಂದರ ಬಾಗಿಲನ್ನು ಕಡ್ಡಿ ಒದ್ದ. ಬಾಗಿಲಿಗೆ ಏನೂ ಆಗಲಿಲ್ಲ. ಗುಡ್ಡ ಬರೀ ಒರಗಿದ. ಬಾಗಿಲು ತೆರೆದುಕೊಂಡಿತು.

ಒಳಗೆ ಒಬ್ಬ ಬೋಳುತಲೆಯವನು. ಮೂಗಿಗೆ ಕರ್ಚೀಫು. ಭಾರೀ ನೆಗಡಿ. ಅಡುಗೆ ಕಟ್ಟೆಯ ಮೇಲೆ ಸಾಲಾಗಿ ಆರು ಕಂಪ್ಯೂಟರ್. ಅವಕ್ಕೆ ಗಾಳಿ ಬೀಸುವ ಒಂದು ಟೇಬಲ್ ಫ್ಯಾನು. ಗೋಡೆಯ ತುಂಬ ಅಂಟಿಸಿದ ಹೆಸರಿನ ಪಟ್ಟಿಗಳು.

"ಎಲ್ಲಿದ್ದಾಳೆ?!" ಕಡ್ಡಿ ಕೂಗಿದ.

"ಯಾರು? ಇಲ್ಲಿ ಎರಡು ಲಕ್ಷ ಜನ ಇದ್ದಾರೆ. ಹೆಸರು ಹೇಳಿ."

ಕಡ್ಡಿ ಮಂಚದ ಕೆಳಗೆ ನೋಡಿದ. ಬೀರು ತೆಗೆದು ನೋಡಿದ. ಗುಡ್ಡ ಗೋಡೆಯ ಮುಂದೆ ನಿಂತು ಪಟ್ಟಿ ಓದುತ್ತಿದ್ದ. ಪುಟದ ಮೇಲೆ ಜಾರುತ್ತಿದ್ದ ಬೆರಳು ಒಂದು ಕಡೆ ನಿಂತಿತು.

"ಇದು... ಬೆಳಕಿನ ಹನಿ. ಇವರು ಯಾರು?"

ಬೋಳುತಲೆಯವನು ಪಟ್ಟಿ ನೋಡಿದ. ಗುಡ್ಡನ ಮುಖ ನೋಡಿದ. ನಿಧಾನಕ್ಕೆ ಕರ್ಚೀಫು ಇಳಿಸಿದ.

"ನಾನೇ."

"ಕೋಚ್ ಸಾರ್ ಬಳಗದಲ್ಲಿ ನನಗೆ ಪರಿಚಯ ಆದೋರು. ಒಂದು ವರ್ಷದಿಂದ ದಿನಾ ಮಾತಾಡ್ತಿದ್ದೀನಿ. ನನ್ನ ಅಕ್ಕನ ಥರ. ನಮ್ಮಮ್ಮ ಹೋದಾಗ..."

"ಗೊತ್ತು," ಬೋಳುತಲೆಯವನು ಹೇಳಿದ. "ಮೂರು ದಿನ ಊಟ ಬಿಟ್ಟಿದ್ರಿ. ನಾನು ಬೈದ ಮೇಲೆ ಉಂಡ್ರಿ."

ಗುಡ್ಡನ ಬೆರಳು ಪಟ್ಟಿಯಿಂದ ಕೆಳಗಿಳಿಯಿತು.

"ಕಾಪಿ ಪೇಸ್ಟಾ?" ಗುಡ್ಡ ಕೇಳಿದ. ಆ ದೇಹದಿಂದ ಅಷ್ಟು ಚಿಕ್ಕ ದನಿ ಬರಬಹುದು ಎಂದು ನಾನು ಎಣಿಸಿರಲಿಲ್ಲ.

"ಬೇರೆಯವರಿಗೆಲ್ಲ ಕಾಪಿ ಪೇಸ್ಟು. ನಿಮಗೆ ಕೂತು ಟೈಪ್ ಮಾಡ್ತಿದ್ದೆ."

ಬೋಳುತಲೆಯವನು ಸೀನಿದ. ಗುಡ್ಡ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಕಡ್ಡಿ ಕೋಚ್‌ಗೆ ಫೋನ್ ಹಚ್ಚಿದ. ಸ್ಪೀಕರ್ ಹಾಕಿದ.

"ಅಲ್ಲಿಗ್ಯಾಕ್ರೋ ಹೋದ್ರಿ, ಕತ್ತೆಗಳಾ!" ಬಿಳಿ ಹಲ್ಲಿನ ಹಿಂದೆ ಇದ್ದ ದನಿ ಅದು. ತಕ್ಷಣ ಮೆತ್ತಗಾಯಿತು. "ಇರಲಿ. ಆ ಪತ್ತೇದಾರ ಕಳಿಸಿದ ಲಿಂಕ್ ನನ್ನ ಹತ್ರ ಇದೆ. ಅವಳು ಯಾವಾಗಲೂ ಬರೆಯೋ ಮಾತು ನನಗೂ ಗೊತ್ತು. ಈಗಷ್ಟೇ ಟೈಪ್ ಮಾಡಿದ್ದೀನಿ. ಕಡ್ಡೀ, ನೀನು ಆ ಡ್ರೈಕ್ಲೀನಿಂಗ್ ಅಂಗಡಿ ಮೇಲಕ್ಕೆ ಹೋಗು. ಟೂಲ್ ಮಾಡಿದವಳು ಅದನ್ನ ಮುಚ್ಚದ ಹಾಗೆ ನೋಡ್ಕೋ. ನಾನೂ ಬರ್ತೀನಿ."

ಅವಳನ್ನು ಹುಡುಕಲು ಆ ಟೂಲಿಗೆ ಬೇಕಿದ್ದದ್ದು ಎಷ್ಟು ಹೊತ್ತು?

ಹನ್ನೊಂದು ನಿಮಿಷ!

ಕಡ್ಡಿ ಆಗಲೇ ಮೆಟ್ಟಿಲಿಳಿಯುತ್ತಿದ್ದ. ನಾದಿನಿಗೆ ಫೋನ್ ಮಾಡಿದೆ. ಎಂಗೇಜ್! ಹೊಲಿಗೆ ಮಿಷನ್ ಅಂಗಡಿಗೆ ಮಾಡಿದೆ. ಎಂಗೇಜ್! ಮತ್ತೆ ನಾದಿನಿಗೆ... ಎಂಗೇಜ್!

"ಗುಡ್ಡಾ!" ಭುಜ ಹಿಡಿದು ಅಲ್ಲಾಡಿಸಿದೆ. ನಾನೇ ಅಲ್ಲಾಡಿದೆ. "ಆ ಹುಡುಗಿ ಕಾಣೆಯಾಗಿಲ್ಲ ಕಣಯ್ಯಾ. ಓಡಿಹೋಗಿದ್ದಾಳೆ. ಅವಳ ಬಾಗಿಲಲ್ಲಿ ಕಾವಲು ನಿಂತಿದ್ದೋನು ನೀನೇ ಅಲ್ವಾ? ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಗುಡ್ಡ ತಲೆಯೆತ್ತಿದ. ಬೋಳುತಲೆಯವನ ಕಡೆ ನೋಡಿದ.

"ಗಾಡಿ ಇದೆಯಾ?"

ಬೋಳುತಲೆಯವನು ಸ್ಕೂಟರಿನ ಕೀಲಿ ಎಸೆದ.

ಹಳೇ ಸ್ಕೂಟರು. ಮುಂದೆ ಗುಡ್ಡ. ಹಿಂದೆ ಉಳಿದ ನಾಲ್ಕು ಇಂಚಿನಲ್ಲಿ ನಾನು. ಆ ಗಾಡಿ ನರಳಿದ್ದು ಇಡೀ ಗಲ್ಲಿಗೆ ಕೇಳಿಸಿತು. ಮುಖ್ಯರಸ್ತೆಗೆ ಬಂದಾಗ ಬಿಳಿ ವ್ಯಾನು ನೂರು ಅಡಿ ಮುಂದಿತ್ತು. ಸಿಗ್ನಲ್ಲಿನಲ್ಲಿ ಹಿಡಿದೆವು. ಕಡ್ಡಿ ಕನ್ನಡಿಯಲ್ಲಿ ನಮ್ಮನ್ನು ನೋಡಿದ. ಬಲಕ್ಕೆ ಎಳೆದ! ವ್ಯಾನಿನ ಪಕ್ಕೆ ನಮ್ಮನ್ನು ಡಿವೈಡರಿಗೆ ಒತ್ತಿತು. ಸ್ಕೂಟರಿನ ಕನ್ನಡಿ ಚೂರಾಯಿತು. ನನ್ನ ಪ್ಯಾಂಟು ಮಂಡಿಯಿಂದ ಕೆಳಗೆ ಹರಿಯಿತು. ಅದರೊಳಗಿನ ಚರ್ಮವೂ ಸ್ವಲ್ಪ.

ಕಡ್ಡಿ ಕಿಟಕಿಯಿಂದ ತಲೆ ಹಾಕಿ ಕಿರುಚಿದ. "ನಿನ್ನ ಸ್ಪರ್ಧೆ ನಿನ್ನ ಜೊತೆಗೇ ಕಣೋ!"

"ಐದನೇ ಅಧ್ಯಾಯ!" ಗುಡ್ಡ ಅಭ್ಯಾಸಬಲದಿಂದ ಕೂಗಿದ. ಆಮೇಲೆ ತನಗೆ ತಾನೇ ಬೈದುಕೊಂಡ.

ನಿಂತಿದ್ದ ಎರಡು ಬಸ್ಸುಗಳ ನಡುವೆ ಒಂದು ಸಂದು. ಗುಡ್ಡನ ಹೆಗಲು ಅದರಲ್ಲಿ ಹಿಡಿಸುವುದಿಲ್ಲ ಎಂದು ಕಣ್ಣಿಗೇ ಗೊತ್ತಾಗುತ್ತಿತ್ತು. ಹೋದ! ಎರಡೂ ಬಸ್ಸುಗಳಿಗೆ ಗೀರು ಬಿತ್ತು. ಎರಡೂ ಡ್ರೈವರುಗಳು ನನ್ನ ತಾಯಿಯನ್ನು ನೆನೆದರು. ವ್ಯಾನು ಹಿಂದೆ ಉಳಿಯಿತು.

ಒಂಬತ್ತನೇ ನಿಮಿಷಕ್ಕೆ ಡ್ರೈಕ್ಲೀನಿಂಗ್ ಅಂಗಡಿ. ಕುಂಟುತ್ತಾ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದೆ.

"ಮುಚ್ಚು! ಟೂಲ್ ಮುಚ್ಚು! ಈಗಲೇ!"

ನಾದಿನಿ ಕಿವಿಗೆ ಫೋನ್ ಹಿಡಿದು, ಟೀಚರ ಮುಂದೆ ನಿಂತ ಹಾಗೆ ನಿಂತಿದ್ದಳು. ಸುಮ್ಮನಿರಿ ಎಂದು ಕೈ ಮಾಡಿದಳು. ಸ್ಪೀಕರ್ ಹಾಕಿದಳು.

"...ಹೋದ ವಾರ ನಿಮ್ಮ ಈ ಇಣುಕು ಹನ್ನೊಂದು ನಿಮಿಷದಲ್ಲಿ ಇನ್ನೂರ ಹದಿನಾಲ್ಕು ಸಲ ನಮ್ಮನೆ ಬಾಗಿಲು ತೆಗೆದಿದೆ!" ಹೊಲಿಗೆ ಮಿಷನ್ ಮುದುಕಿಯ ದನಿ. ಆ ಎಂಬತ್ತಮೂರು ಜನರ ಮನೆಗೆ ಯಜಮಾನಿ ಅವಳೇ! "ನನ್ನ ಸರ್ವರ್‌ಗೆ ಯಾರು ಬಂದು ಹೋದ್ರು ಅಂತ ನಾನು ದಿನಾ ನೋಡ್ತೀನಮ್ಮ. ಯಾರಾದ್ರೂ ಕದ ತಟ್ಟದೆ ಒಳಗೆ ಬರ್ತಾರಾ? ಇವತ್ತು ಮತ್ತೆ ಶುರು ಆಯ್ತು. ಅದಕ್ಕೇ ಪ್ಲಗ್ ಕಿತ್ತು, ಟೂಲಿನ ಪುಟದಲ್ಲಿದ್ದ ನಂಬರಿಗೆ ಫೋನ್ ಮಾಡಿದ್ದು. ಬೈಯೋಕೆ."

"ಯಾವಾಗ... ಯಾವಾಗ ಕಿತ್ತಿದ್ದು?" ಏದುಸಿರಿನಲ್ಲಿ ಕೇಳಿದೆ.

"ಯಾರದು? ಓ, ನೀವಾ! ಏಳೆಂಟು ನಿಮಿಷ ಆಯ್ತು."

ಅಂದರೆ ನಾನು ಡಿವೈಡರಿಗೆ ಚರ್ಮ ತೇಯುತ್ತಿದ್ದಾಗ ಈ ಮುದುಕಿ ಒಂದು ಪ್ಲಗ್ ಕಿತ್ತು, ಜಗತ್ತನ್ನು ಕಾಪಾಡಿ, ಕುರ್ಚಿ ಎಳೆದುಕೊಂಡು ಬೈಯಲು ಕೂತಿದ್ದಳು.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಕಡ್ಡಿ ನುಗ್ಗಿದ. ಹಿಂದೆ ಕೋಚ್. ಕೈಯಲ್ಲಿ ಟ್ಯಾಬ್ಲೆಟ್. ಪರದೆಯ ಮೇಲೆ ಒಂದೇ ಸಾಲು... 'ಈ ಮನೆಯ ಬಾಗಿಲು ಮುಚ್ಚಿದೆ.'

"ಇದನ್ನ ತೆರೆಸು!" ಕೋಚ್ ನಾದಿನಿಯ ಮಣಿಕಟ್ಟು ಹಿಡಿದ. ಗೆಳೆಯ ಇಲ್ಲ, ಗೆಳತಿ ಇಲ್ಲ.

ನಾನು ಮುಂದೆ ಬಂದೆ. ಕಡ್ಡಿಯ ಮೊಣಕೈ ನನ್ನ ಹೊಟ್ಟೆಗೆ ಬಿತ್ತು. ಕೂತೆ. ಕಡ್ಡಿ ಲ್ಯಾಪ್‌ಟಾಪನ್ನು ತಲೆಯ ಮೇಲೆತ್ತಿದ.

"ತೆರೆಸ್ತೀಯೋ, ಒಡೀಲೋ?"

"ಒಡೀರಿ," ಎಂದಳು ನಾದಿನಿ. "ಟೂಲ್ ಅದರಲ್ಲಿಲ್ಲ. ಯಾವ ಬ್ರೌಸರ್‌ನಲ್ಲಾದ್ರೂ ತೆರೆಯುತ್ತೆ. ಒಡೆಯೋದಾದ್ರೆ ಜಗತ್ತಿನ ಕಂಪ್ಯೂಟರ್ ಎಲ್ಲಾ ಒಡೀಬೇಕು. ಎಷ್ಟು ಹೊತ್ತಿಗೆ ಮುಗಿಸ್ತೀರಿ?"

ಕಡ್ಡಿ ಲೆಕ್ಕ ಹಾಕುತ್ತಾ ನಿಂತ.

ಆಗ ಗುಡ್ಡ ಬಂದು ಬಾಗಿಲಲ್ಲಿ ನಿಂತ. ಕೋಣೆಯ ಬೆಳಕು ಅರ್ಧ ಕಡಿಮೆಯಾಯಿತು. ಎದೆಯ ಮೇಲೆ ಬ್ಯಾಡ್ಜಿರಲಿಲ್ಲ. ಬ್ಯಾಡ್ಜಿದ್ದ ಜಾಗದಲ್ಲಿ ಪಿನ್ನಿನ ಎರಡು ತೂತು.

"ಅವರ ಕೈ ಬಿಡಿ, ಸಾರ್."

ಕೋಚ್ ಬಿಟ್ಟ.

"ಸಾರ್... ನನಗೊಂದು ಮಾತು ಹೇಳಿ."

"ಏನು ಹೇಳಲಿ, ಗೆಳೆಯಾ?"

"ಏನಾದ್ರೂ. ಪುಸ್ತಕದಲ್ಲಿ ಇರೋದು ಬೇಡ. ನಿಮ್ಮದೇ ಒಂದು ಮಾತು. ನಮ್ಮಮ್ಮ ಹೋಗಿದ್ದಾರೆ. ಅಕ್ಕ ಅಂತ ನಂಬಿದ್ದೋರು ಅಕ್ಕ ಅಲ್ಲ. ಈಗ ನಾನೇನು ಮಾಡ್ಬೇಕು? ಹೇಳಿ, ಸಾರ್."

ಕೋಚ್ ಬಾಯಿ ತೆರೆದ. ಹಲ್ಲು ಕಂಡವು.

"ಭಯ ಅನ್ನೋದು..."

"ಅದು ಒಂದನೇ ಅಧ್ಯಾಯ," ಎಂದ ಗುಡ್ಡ.

ಕೋಚ್ ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಕಡ್ಡಿಯೂ ಲ್ಯಾಪ್‌ಟಾಪ್ ಇಳಿಸಿ ಅವನ ಬಾಯನ್ನೇ ನೋಡುತ್ತಿದ್ದ. ಕೆಳಗೆ ಇಸ್ತ್ರಿ 'ಬುಸ್' ಎಂದಿತು. ಒಂದು ನಿಮಿಷ ಕಳೆಯಿತು. ಪೂರ್ತಿ ಒಂದು ನಿಮಿಷ.

"ಕಾರು..." ಕೋಚ್ ಕೊನೆಗೆ ಹೇಳಿದ. "ಕಾರು ನೋ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ್ದೀನಿ."

"ಮಾತು ಸ್ವಂತದ್ದೇ," ನಾದಿನಿ ಹೇಳಿದಳು. "ಒಪ್ಪಿಕೊಂಡೆ."

ಗುಡ್ಡ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹೊಡೆಯಲಿಲ್ಲ. ಹೊಡೆದಿದ್ದರೆ ಕೋಚ್‌ಗೆ ಸಮಾಧಾನವಾಗುತ್ತಿತ್ತೋ ಏನೋ. ಮೆಟ್ಟಿಲಿಳಿಯುವಾಗ ಅವನು ಗೋಡೆ ಹಿಡಿದುಕೊಂಡಿದ್ದ. ಕಡ್ಡಿ ಹಿಂದೆಯೇ ಹೋದ. ಬೇರೆ ಕೆಲಸ ಹುಡುಕಲು ಆತ್ಮವಿಶ್ವಾಸ ಬೇಕು, ಪಾಪ.

ಆ ಸಂಜೆಯೇ ನಾದಿನಿ ನಲವತ್ತೊಂದು ಮನೆಗಳ ಚಿತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕಿದಳು. ಆ ಜಾಲದ ಸಾವಿರ ಯಜಮಾನರು ಹುಟ್ಟಿದಂದಿನಿಂದ ಒಂದು ವಿಷಯಕ್ಕೂ ಒಪ್ಪಿದವರಲ್ಲ. ಅಲ್ಪವಿರಾಮ ಎಲ್ಲಿ ಹಾಕಬೇಕು ಎಂದು ಮನೆ ಮನೆ ನಡುವೆ ಬಾಗಿಲು ಹಾಕಿಕೊಂಡವರು. ಅವರು ಕೂಡ ಒಟ್ಟಾದರು! ಮಾರನೇ ದಿನ ಊಟದ ಹೊತ್ತಿಗೆ ನಲವತ್ತೊಂದು ಮನೆಗೂ ಬಹಿಷ್ಕಾರ. ಕೋಚ್‌ಗೆ ಉಳಿದವರು ಹತ್ತೊಂಬತ್ತು. ಸಂಜೆಗೆ ಹಲ್ಲಿನ ಡಾಕ್ಟರೂ ಬಿಟ್ಟರು. ಹದಿನೆಂಟು.

ಅವನ ಕತೆ ಮುಗಿಯಿತು ಎಂದುಕೊಂಡಿರಾ? ನೀವು ಒಳ್ಳೆಯವರು. ತಿಂಗಳೊಳಗೆ ಊರ ತುಂಬ ಹೊಸ ಪೋಸ್ಟರು... 'ಮಾತಿನಾಚೆ: ಹತ್ತು ದಿನಗಳ ಮೌನ ಶಿಬಿರ.' ಕೋಚ್ ವೇದಿಕೆಯ ಮೇಲೆ ಸುಮ್ಮನೆ ಕೂತಿರುತ್ತಾನೆ. ಜನ ಕೆಳಗೆ ಸುಮ್ಮನೆ ಕೂತು ಅಳುತ್ತಾರೆ. ಎಲ್ಲಾ ಸೀಟು ಭರ್ತಿ! ಮೌನವನ್ನು ಬರೆದುಕೊಡಲು ಯಾರೂ ಬೇಕಿಲ್ಲ. ಹಾಗಾಗಿ ಆಮೇಲೆ ಆ ಹುಡುಗಿಯನ್ನು ಯಾರೂ ಹುಡುಕಲಿಲ್ಲ.

ಅವಳು ಈಗಲೂ ಬೇಕರಿಯ ಎದುರು ಬಾಬಿನ್ ಬಿಡಿಸುತ್ತಿದ್ದಾಳೆ. ಬರೆಯುತ್ತಾಳೆ ಕೂಡ. ಎಂಬತ್ತಮೂರು ಜನ ಓದುತ್ತಾರೆ. ಎಂಬತ್ತಮೂರೂ ಉಸಿರಾಡುವವರೇ.

ಗುಡ್ಡ ಸ್ಕೂಟರ್ ವಾಪಸು ಕೊಡಲು ಫ್ಲ್ಯಾಟ್ ಹನ್ನೊಂದಕ್ಕೆ ಹೋದ. ಬೋಳುತಲೆಯವನು ಎಲ್ಲ ಕಂಪ್ಯೂಟರುಗಳನ್ನೂ ಆರಿಸಿ ಮೂಟೆ ಕಟ್ಟುತ್ತಿದ್ದನಂತೆ. ಇವನು ಬಾಗಿಲಲ್ಲಿ ನಿಂತು ಹೇಳಿದನಂತೆ, "ಒಂದು ಅಕೌಂಟ್ ಮಾತ್ರ ಅಳಿಸ್ಬೇಡಿ." ಇಬ್ಬರೂ ಈಗಲೂ ದಿನಾ ಮಾತಾಡುತ್ತಾರೆ. ಎದುರಾಬದುರು ಕೂತರೆ ಇಬ್ಬರಿಗೂ ಮಾತು ಹೊರಡುವುದಿಲ್ಲವಂತೆ. ಅದಕ್ಕೆ ಟೈಪ್ ಮಾಡುತ್ತಾರೆ.

ನಾದಿನಿ ಟೂಲನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದಳು. ಪರೀಕ್ಷಕಿ ಯಾರು ಗೊತ್ತೇ? ಆ ಮುದುಕಿ! ಮೂರು ವಾರ ದಿನಾ ಫೋನು. "ಇದು ಯಾಕೆ ಹೀಗಿದೆ? ಇದನ್ನ ಯಾರು ಕೇಳಿದ್ರು? ತೆಗೀರಿ!" ಈಗ ಅದು ಮೊದಲು ಮನೆಯ ಬಾಗಿಲು ತಟ್ಟುತ್ತದೆ. ಬರಬೇಡ ಎಂದರೆ ವಾಪಸು ಹೋಗುತ್ತದೆ. ತನ್ನನ್ನು ಹುಡುಕಬೇಡಿ ಎಂದು ಬರೆದಿಟ್ಟವರನ್ನು ತೋರಿಸುವುದೇ ಇಲ್ಲ. ಹೆಸರೂ ಬದಲಾಯಿತು. 'ಇಣುಕು' ಹೋಗಿ 'ತಟ್ಟು'.

ಬಿಡುಗಡೆಯಾದ ವಾರದಲ್ಲಿ ನಾಲ್ಕು ಸಾವಿರ ಜನ ಬಳಸಿದರು. ಹೊಗಳಿಕೆಯೋ ಹೊಗಳಿಕೆ! ಒಬ್ಬ ಮಾತ್ರ ಹೆಸರಿಲ್ಲದೆ ಒಂದೇ ಒಂದು ಸ್ಟಾರ್ ಕೊಟ್ಟು ಬರೆದಿದ್ದ: 'ನೋಡಲು ಚೆನ್ನಾಗಿದೆ. ಬಚ್ಚಿಟ್ಟುಕೊಂಡವರನ್ನು ಹಿಡಿಯಲು ಮೂರು ಕಾಸಿನ ಉಪಯೋಗವಿಲ್ಲ.'

ನಾದಿನಿ ಉರಿದುಬಿದ್ದಳು. "ಯಾವ ದರಿದ್ರದವನು ಇದನ್ನ ಬರೆದಿದ್ದು ಅಂತ ಪತ್ತೆ ಮಾಡಿ, ಭಾವಾ!"

ಎರಡು ದಿನ ಬಿಟ್ಟು ಹೋಗಿ, "ಎಷ್ಟು ಹುಡುಕಿದ್ರೂ ಸಿಗಲಿಲ್ಲ ಕಣಮ್ಮ," ಎಂದೆ.

ನನ್ನ ವಿಳಾಸವನ್ನು ನಾನೇ ಕೊಡುವಷ್ಟು ಪ್ರಾಮಾಣಿಕ ನಾನಲ್ಲ!